ಊಟದ ಹೊತ್ತಿನ ಮಗ್ಗಿ

೧೯೩೪ ನವೆಂಬರ್ ೧೯, ಸೋಮವಾರ

ಗಂಡನ ಮನೆಗೆ ಬರುವಾಗ ಟ್ರಂಕಿನಲ್ಲಿ ಸೀರೆಗಳ ನಡುವೆ ನೋಟ್ ಪುಸ್ತಕ ಮುಚ್ಚಿಟ್ಟುಕೊಂಡು ಬಂದವಳು ಈ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು. ಶ್ರೀರಂಗಪಟ್ಟಣದ ಸ್ಕೂಲಿನಲ್ಲಿ ಲೋವರ್ ಸೆಕೆಂಡರಿ ಪಾಸು ಮಾಡಿದ್ದಕ್ಕೆ ಅಪ್ಪ ಕೊಡಿಸಿದ ಪುಸ್ತಕ ಇದು. ಸುಮ್ಮನೆ ಇಟ್ಟಿದ್ದೆ. ಈಗ ಯಾರ ಹತ್ತಿರವೂ ಹೇಳಲಾಗದ ಸಂಗತಿಯೊಂದು ಬಂದಿದೆ, ಅದಕ್ಕೆ ತೆಗೆದೆ.

ಈ ಊರು ಕೃಷ್ಣರಾಜಪೇಟೆಗೆ ಮೂರು ಮೈಲಿ. ನಾನು ಬಂದು ಹನ್ನೊಂದು ದಿನ. ಮನೆಯಲ್ಲಿ ನಾಲ್ಕೇ ಜನ. ಮಾವ ಅಂದಾನಯ್ಯನವರು, ಅತ್ತೆ ಸಿದ್ದಲಿಂಗಮ್ಮನವರು, ಇವರು, ನಾನು. ಇವರ ಹೆಸರು ಬರೆಯುವುದಿಲ್ಲ. ಯಾರೂ ಓದದ ಪುಸ್ತಕವಾದರೂ ಕೈ ಬರುತ್ತಿಲ್ಲ.

ಒಳ್ಳೆಯ ಜನ. ಅದೇ ಕಷ್ಟ. ಕೆಟ್ಟವರಾಗಿದ್ದರೆ ಮನಸ್ಸಿನಲ್ಲೇ ಬೈದುಕೊಂಡು ಹಗುರಾಗುತ್ತಿದ್ದೆ.

ಸಂಗತಿ ಇಷ್ಟೆ. ಮಾವನವರು ಊಟ ಮುಗಿಸಿ, ತಟ್ಟೆಗೆ ನೀರು ಹಾಕಿ, ಬೆರಳಲ್ಲಿ ಸುತ್ತಲೂ ತೊಳೆದು, ಆ ನೀರನ್ನು ಕುಡಿಯುತ್ತಾರೆ. ಲಿಂಗ ಕಟ್ಟಿಕೊಂಡವರು ಪ್ರಸಾದದ ಒಂದು ಅಗುಳನ್ನೂ ಹಾಳುಮಾಡಬಾರದೆಂದು ಹಿರಿಯರು ನಡೆಸಿಕೊಂಡು ಬಂದ ಪದ್ಧತಿ. ನಮ್ಮಪ್ಪನೂ ಮಾಡುತ್ತಾರೆ. ಗುಟುಕ್ ಅಂದರೆ ಮುಗಿಯಿತು. ಮಾವನವರದು ಹಾಗಲ್ಲ. ಮೊದಲು ಬೆರಳು ಕಂಚಿನ ಮೇಲೆ ಕಿರ್ರ್. ಆಮೇಲೆ ಸೊರ್ರ್. ನಡುವೆ ನಿಲ್ಲಿಸಿ ಒಂದು ಉಸಿರು. ಮತ್ತೆ ಸೊರ್ರ್. ಕೊನೆಗೆ ನಾಲಿಗೆ ಚಪ್ ಚಪ್, ಅದರ ಹಿಂದೆ ನೆಮ್ಮದಿಯಾಗಿ ಒಂದು 'ಶಿವಾ'.

ಗಂಡಸರಿಗೆ ಬಡಿಸಿ ಅಡಿಗೆಮನೆ ಬಾಗಿಲ ಹಿಂದೆ ನಿಂತಿರುತ್ತೇನೆ. ಆ ಸದ್ದು ಬಿದ್ದ ಕೂಡಲೇ ಹೊಟ್ಟೆಯೊಳಗಿಂದ ಸಿಟ್ಟು ಏರುತ್ತದೆ, ಕಿವಿ ಬಿಸಿಯಾಗುತ್ತದೆ, ಸೌಟು ಎಸೆಯಬೇಕೆನಿಸುತ್ತದೆ. ಎಪ್ಪತ್ತರ ಹತ್ತಿರದ ಮುದುಕರು ದೇವರ ಹೆಸರು ಹೇಳಿ ನೀರು ಕುಡಿದರೆ ಸೌಟು ಎಸೆಯಬೇಕೆನ್ನುವವಳು ಎಂಥ ಹೆಂಗಸು? ನಾಚಿಕೆಯಾಗುತ್ತದೆ.

ಎಲ್ಲ ಸದ್ದಿಗೂ ಹೀಗಿಲ್ಲ. ನಮ್ಮೂರಲ್ಲಿ ಕಾವೇರಿ ಸೇತುವೆಯ ಮೇಲೆ ರೈಲು ಗುಡುಗಿಕೊಂಡು ಹೋದರೆ ನನಗೆ ಜೋಗುಳ. ಬಾಯಿಂದ ಬರುವ ಸಣ್ಣ ಸದ್ದುಗಳೇ ನನ್ನ ಶತ್ರುಗಳು. ಚಿಕ್ಕವಳಿದ್ದಾಗ ಕಡಲೆ ಜಗಿಯುತ್ತಿದ್ದ ತಂಗಿಯ ಬೆನ್ನಿಗೆ ಗುದ್ದಿ ಅಮ್ಮನ ಕೈಲಿ ಏಟು ತಿಂದಿದ್ದೇನೆ. ಇಲ್ಲಿ ಗುದ್ದುವಂತಿಲ್ಲ.

ನವೆಂಬರ್ ೨೪, ಶನಿವಾರ

ಕಿವಿಗೆ ಹತ್ತಿ ತುರುಕಿಕೊಂಡು ಮೇಲೆ ಸೆರಗು ಹೊದ್ದೆ. ಎಂಥ ಸುಖ. ಅತ್ತೆ ಮೂರು ಸಲ ಕರೆದರಂತೆ, ನಾನು ಗೋಡೆ ನೋಡಿಕೊಂಡು ನಗುತ್ತಾ ನಿಂತಿದ್ದೆನಂತೆ. ನಾಲ್ಕನೆಯ ಸಲ ಬಂದು ತೋಳು ಹಿಡಿದು, "ಗ್ಯಾನ ಎಲ್ಲವ್ವ ಮಡಗಿದ್ದೀಯೆ? ಅಲ್ಲಿ ಸಾರಿಲ್ದೆ ಕೈ ಒಣಗುಸ್ಕಂಡ್ ಕುಂತವ್ರೆ," ಎಂದರು. ಹತ್ತಿಯ ಆಟ ಅಲ್ಲಿಗೆ ಮುಗಿಯಿತು.

ಡಿಸೆಂಬರ್ ೩, ಸೋಮವಾರ

ಧೈರ್ಯ ಮಾಡಿ ಇವರಿಗೆ ಹೇಳಿದೆ.

"ಅಪ್ಪ ಸದ್ದು ಮಾಡ್ತದಾ? ಯಾವ ಸದ್ದು?" ಎಂದರು.

ಇಪ್ಪತ್ತೈದು ವರ್ಷದಿಂದ ಪಕ್ಕದಲ್ಲೇ ಕೂತು ಉಂಡವರು. ಅವರಿಗೆ ಗೊತ್ತೇ ಇಲ್ಲ. ನಾನು ಮಾಡಿ ತೋರಿಸಿದೆ, ಉಸಿರು, ಚಪ್ ಚಪ್, 'ಶಿವಾ' ಎಲ್ಲ ಸೇರಿಸಿ. ಬಿದ್ದು ಬಿದ್ದು ನಕ್ಕರು. ಉಪಾಯ ಒಂದೂ ಹೇಳಲಿಲ್ಲ.

ನಾನೇ ಒಂದು ಕಂಡುಹಿಡಿದಿದ್ದೇನೆ. ಮಾವನವರು ಕೊನೆಯ ತುತ್ತಿಗೆ ಕೈಹಾಕುತ್ತಿದ್ದಂತೆ ಸೆರಗು ಬಾಯಿಗೆ ಒತ್ತಿಕೊಂಡು ಹಿತ್ತಿಲಿಗೆ ಹೋಗುವುದು, ನುಗ್ಗೆಮರಕ್ಕೆ ಒರಗಿ ನೂರು ಎಣಿಸುವುದು, ವಾಪಸು ಬರುವುದು. ಸೆರಗು ಏಕೆಂದರೆ, ಸಿಟ್ಟಿಗೆ ಬಾಯಿಂದ ಏನು ಬಂದುಬಿಡುತ್ತದೋ ಎಂಬ ಭಯ. ಐದು ದಿನದಿಂದ ಚೆನ್ನಾಗಿ ನಡೆದಿದೆ. ಪಕ್ಕದ ಮನೆಯ ಚಿಕ್ಕಬೋರಮ್ಮ ಗೋಡೆಯ ಆಚೆಯಿಂದ ನೋಡಿ ನಗುತ್ತಾರೆ. ನಾನೂ ನಗುತ್ತೇನೆ.

ಡಿಸೆಂಬರ್ ೧೨, ಬುಧವಾರ

ಅತ್ತೆಗೆ ನನ್ನ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿದೆ. ಬಾವಿಯಿಂದ ನೀರು ಸೇದಬೇಡ ಎಂದರು. ಬೆಲ್ಲ ಹಾಕಿ ಶುಂಠಿ ಕಷಾಯ ಕೊಟ್ಟರು. ಅವರೆಕಾಳು ಹಿದುಕಲು ಕೂತರೆ ಬೆನ್ನಿಗೆ ದಿಂಬು ತಂದಿಟ್ಟರು. ಗಂಡಸರಿಗೆ ತಾವೇ ಬಡಿಸುತ್ತಾರಂತೆ, ನಾನು ಆ ಹೊತ್ತಿಗೆ ಹಿತ್ತಿಲ ಗಾಳಿಯಲ್ಲಿ ಕೂತಿರಬೇಕಂತೆ.

ನನಗೆ ಇನ್ನೇನು ಬೇಕು? ಇವರು ಹೇಳಿಕೊಟ್ಟಿರಬೇಕು. ಸುಮ್ಮನೆ ನಕ್ಕ ಹಾಗೆ ನಟಿಸಿ ಒಳಗೊಳಗೇ ಕೆಲಸ ಮಾಡುವ ಗಂಡ ಸಿಕ್ಕಿದ್ದಾನೆ ಎಂದು ಹೆಮ್ಮೆಯಾಯಿತು.

ಡಿಸೆಂಬರ್ ೧೫, ಶನಿವಾರ

ಹೆಮ್ಮೆ ಹಾಳಾಗಲಿ. ಇವತ್ತು ಚಿಕ್ಕಬೋರಮ್ಮ ನೆಲ್ಲಿಕಾಯಿ ಉಪ್ಪಿನಕಾಯಿ ತಂದು ನನ್ನ ಕೈಗಿಟ್ಟು, "ಗಂಡೇ ಆಯ್ತದೆ ಬುಡವ್ವ, ನಡೆಯಾ ನೋಡುದ್ರೇ ಗೊತ್ತಾಯ್ತದೆ," ಎಂದರು.

ದಿಂಬು, ಕಷಾಯ, ಗಾಳಿ ಎಲ್ಲ ಒಂದೇ ಸಲ ಅರ್ಥವಾಯಿತು. ದಿನಕ್ಕೆರಡು ಸಲ ಬಾಯಿಗೆ ಸೆರಗಿಟ್ಟುಕೊಂಡು ಹಿತ್ತಿಲಿಗೆ ಓಡುವ ಹೊಸ ಸೊಸೆಯನ್ನು ಕಂಡರೆ ಯಾರಾದರೂ ಏನು ತಿಳಿಯುತ್ತಾರೆ? ಚಿಕ್ಕಬೋರಮ್ಮನ ಮನೆಯಲ್ಲಾಗಿದ್ದರೆ ಈ ತಪ್ಪು ಆಗುತ್ತಲೇ ಇರಲಿಲ್ಲ. ಅಲ್ಲಿ ಹೆಂಗಸರು ತಿಂಗಳಿಗೆ ಮೂರು ದಿನ ಹೊರಗೆ ಕೂರುತ್ತಾರೆ, ಕೂತಳೋ ಇಲ್ಲವೋ ಇಡೀ ಕೇರಿಗೇ ತಿಳಿಯುತ್ತದೆ. ಲಿಂಗ ಕಟ್ಟಿದ ನಮ್ಮಲ್ಲಿ ಆ ಮೈಲಿಗೆ ಇಲ್ಲ. ಪೂಜೆ, ಅಡಿಗೆ ಎಲ್ಲ ಎಂದಿನಂತೆ. ಕಳೆದ ವಾರವೇ ನನ್ನ ದಿನಗಳು ಬಂದು ಹೋದವು, ನನ್ನನ್ನು ಬಿಟ್ಟು ಈ ಮನೆಯಲ್ಲಿ ಒಂದು ಪಿಳ್ಳೆಗೂ ಗೊತ್ತಿಲ್ಲ.

ನಾಳೆ ಹೇಳಿಬಿಡಬೇಕು.

ಡಿಸೆಂಬರ್ ೨೮, ಶುಕ್ರವಾರ

ಹೇಳಿಲ್ಲ.

ಏಕೆ ಹೇಳಿಲ್ಲ ಎಂದು ಇಲ್ಲಾದರೂ ನಿಜ ಬರೆಯುತ್ತೇನೆ. ಹೇಳಿದರೆ ಮತ್ತೆ ಬಾಗಿಲ ಹಿಂದೆ ನಿಲ್ಲಬೇಕು. ಒಂದು ತಿಂಗಳಿಂದ ಆ ಸದ್ದು ಕೇಳಿಲ್ಲ, ತಿಂಗಳೆಲ್ಲ ನಗುನಗುತ್ತಾ ಇದ್ದೇನೆ. ಇನ್ನೊಂದು ತಿಂಗಳು ಹೀಗೇ ಇದ್ದುಬಿಟ್ಟರೆ ಲೆಕ್ಕ ತಪ್ಪಿತು ಎನ್ನಬಹುದು ಎಂದು ಯೋಚಿಸಿದ್ದೂ ಉಂಟು. ಇವರು ಮಾತ್ರ ನನ್ನನ್ನು ಏನೂ ಕೇಳದೆ, ಪೇಟೆಯಿಂದ ಬಂದಾಗಲೆಲ್ಲ ಎರಡು ಕಿತ್ತಳೆ ತಂದು ಟ್ರಂಕಿನ ಮೇಲಿಟ್ಟು ಹೋಗುತ್ತಾರೆ. ನನಗೆ ಸಲ್ಲದ ಕಿತ್ತಳೆ ಅವು. ಆದರೂ ತಿನ್ನುತ್ತೇನೆ.

೧೯೩೫ ಜನವರಿ ೯, ಬುಧವಾರ

ಮಾವನವರು ಹೊಲದ ಬದಿಯ ಹಲಸಿನ ಮರ ಕಡಿಸಿದರು. ತೊಟ್ಟಿಲಿಗೆ.

"ಮಗ ಉಟ್ಟಕ್ ಮುಂಚೆ ತೊಟ್ಲು ಮಾಡ್ಬಾರ್ದು ಕನ, ಯಾರಾರ ಮಾಡ್ತಾರಾ?" ಎಂದು ಅತ್ತೆ ಜಗಳ ಆಡಿದರು.

"ನಾ ಎಲ್ಲಿ ತೊಟ್ಲು ಮಾಡುಸ್ದೆ? ಅಲಗೆ ಕುಯ್ಸಿ ಮಡಗ್ತೀನಿ. ಅಸಿ ಮರ ಒಣಗಾಕೆ ಆರ್ ತಿಂಗ್ಳು ಬ್ಯಾಡ್ವಾ?" ಎಂದರು ಮಾವ. ಅವರ ಅಪ್ಪ ನೆಟ್ಟ ಮರವಂತೆ ಅದು. ವರ್ಷಕ್ಕೆ ನಲವತ್ತು ಹಣ್ಣು ಬಿಡುತ್ತಿತ್ತಂತೆ.

ಜನವರಿ ೧೧, ಶುಕ್ರವಾರ

ಬಡಗಿ ಚೌಡಯ್ಯ ಮತ್ತು ಅವನ ತಮ್ಮ ನೆನ್ನೆ ಬೆಳಗಿನಿಂದ ಅಂಗಳದಲ್ಲಿ ಆ ಮರವನ್ನು ಗರಗಸದಲ್ಲಿ ಕುಯ್ಯುತ್ತಿದ್ದರು. ಕರ್ರ್ ಎಂದು ಹೋಗುತ್ತದೆ, ಕರ್ರ್ ಎಂದು ಬರುತ್ತದೆ. ವಿಚಿತ್ರವೆಂದರೆ ಕಿವಿಗೆ ಅದರಿಂದ ಏನೂ ಆಗಲಿಲ್ಲ. ಆದರೆ ಪ್ರತಿ ಎಳೆತಕ್ಕೂ ನನ್ನನ್ನೇ ಕುಯ್ದ ಹಾಗಾಯಿತು. ಮಧ್ಯಾಹ್ನ ತಡೆಯಲಾಗಲಿಲ್ಲ. ಅತ್ತೆ ರಾಗಿ ಕೇರುತ್ತಿದ್ದಲ್ಲಿಗೆ ಹೋಗಿ ಕೂತು ಹೇಳಿಬಿಟ್ಟೆ.

"ಅತ್ತೆ, ನಂಗೇನೂ ಆಗಿಲ್ಲ. ಬಸ್ರಿ ಅಲ್ಲ ನಾನು. ಮಾವ ತಟ್ಟೆ ನೀರು ಕುಡಿಯೋ ಸದ್ದು ತಡೀಲಾರ್ದೆ ಹಿತ್ಲಿಗೆ ಓಡ್ತಿದ್ದೆ."

ಮೊರ ನಿಂತಿತು. ಆಮೇಲೆ ಕೇಳಿದರು, "ನಿಮ್ ಮಾವ ಕುಡಿಯೋ ನೀರ ಕಂಡ್ರೆ ನಿಂಗೆ ಏಸಿಗೆನಾ?"

"ಹೇಸಿಗೆ ಅಲ್ಲ ಅತ್ತೆ, ಲಿಂಗದಾಣೆ. ಸದ್ದು ಅಷ್ಟೆ. ಅದು ಅವರ ತಪ್ಪಲ್ಲ, ನನ್ನ ಕಿವೀದು."

"ಕಿವಿಗಾಗ್ದಿದ್ರೆ ಬಾಯಲ್ ಯೋಳ್ಬೇಕಿತ್ತು. ನಾನು ಊರ್ಗೆಲ್ಲಾ ಯೋಳ್ಕಂಡ್ ಬಂದಿವ್ನಿ," ಎಂದು ಎದ್ದು ಹೋದರು. ಅವರು ಬೈದಿದ್ದರೆ ಅಳುತ್ತಿರಲಿಲ್ಲ.

ಸಂಜೆ ಇವರಿಗೂ ಹೇಳಿದೆ. ಇವರಿಗೆ ಹೇಳುವುದೇ ಎಲ್ಲಕ್ಕಿಂತ ಕಷ್ಟವಾಯಿತು. ತಲೆ ತಗ್ಗಿಸಿಕೊಂಡು ಕೇಳಿ, ಅಂಗಳದ ಹಲಗೆಗಳನ್ನು ನೋಡಿ, "ಒಳ್ಳೆ ಅಣ್ಣು ಕನೆ ಆ ಮರದ್ದು," ಎಂದರು. ಅಷ್ಟೇ.

ಜನವರಿ ೧೨, ಶನಿವಾರ

ಅತ್ತೆ ಚಿಕ್ಕಬೋರಮ್ಮನಿಗೆ ಗೋಡೆಯ ಮೇಲಿಂದ ಹೇಳುತ್ತಿದ್ದರು, "ನಂದೇ ತೆಪ್ಪು ಕನಕ್ಕ, ಮಗಿಗೆ ಪಿತ್ತ ಆಗಿತ್ತು, ನಾನೇ ಆತ್ರ ಬಿದ್ದೆ."

ನನ್ನ ತಪ್ಪನ್ನು ತಮ್ಮ ತಲೆಗೆ ಹಾಕಿಕೊಂಡರು. ನನ್ನ ಜೊತೆ ಮಾತ್ರ ಮಾತಿಲ್ಲ.

ಜನವರಿ ೧೫, ಮಂಗಳವಾರ

ಮಾವನವರಿಗೆ ಅತ್ತೆ ಎಲ್ಲ ಹೇಳಿದ್ದಾರೆ. ಹೇಗೆ ಗೊತ್ತಾಯಿತೆಂದರೆ, ನೆನ್ನೆ ಸಂಕ್ರಾಂತಿಯ ಊಟಕ್ಕೆ ಕೂತ ಮಾವನವರ ಕಡೆಯಿಂದ ಒಂದು ಚೂರೂ ಸದ್ದಿಲ್ಲ. ಮುದ್ದೆಗೆ ಸಾರು ಹಾಕಿಸಿಕೊಳ್ಳಲಿಲ್ಲ, ಹೀರಬೇಕಾಗುತ್ತದಲ್ಲ. ಒಣ ಮುದ್ದೆಯನ್ನು ಉಪ್ಪಿನಕಾಯಿ ಮುಟ್ಟಿಸಿ ನುಂಗಿದರು. ಪಾಯಸ ಬೇಡ ಎಂದರು. ತಟ್ಟೆ ತೊಳೆದು, ನನ್ನ ಕಡೆ ಬೆನ್ನು ತಿರುಗಿಸಿ, ಆ ನೀರನ್ನು ಹನಿ ಹನಿಯಾಗಿ ಕುಡಿದರು. ನೆತ್ತಿಗೆ ಹತ್ತಿತು. ಕೆಮ್ಮಿದರೆ ಸದ್ದಾಗುತ್ತದೆಂದು ಕೆಮ್ಮನ್ನೂ ಹಿಡಿದುಕೊಂಡರು. ಕಣ್ಣು ಕೆಂಪಾಯಿತು. 'ಶಿವಾ' ಎನ್ನಲಿಲ್ಲ.

ಇವತ್ತೂ ಹಾಗೇ. ನನಗೆ ಬೇಕಾದದ್ದು ಇದೇ ತಾನೇ? ಮನೆ ತುಂಬ ಮೌನ. ಬಡಿಸಿ ಹೋಗಿ ನೀರೊಲೆಯ ಮುಂದೆ ಕೂತು ಅತ್ತುಬಿಟ್ಟೆ. ಆ ಮುದುಕರ ಊಟದ ಸುಖ ನಾನು ಕಿತ್ತುಕೊಂಡೆ.

ಜನವರಿ ೧೯, ಶನಿವಾರ

ಕೊಟ್ಟಿಗೆಯ ಕಸ ಬಳಿಯಲು ಹೋದಾಗ ಮಾವನವರು ಎಡಗಡೆಯ ಎತ್ತಿನ ಮೈ ಉಜ್ಜುತ್ತಿದ್ದರು. ನಾನು ಬಂದದ್ದನ್ನು ನೋಡಿಯೂ ನೋಡದವರಂತೆ ಎತ್ತಿನ ಜೊತೆ ಮಾತಾಡುವ ಹಾಗೆ ಮಾತು ತೆಗೆದರು.

"ಇವ್ನು ಏಮಗಿರಿ ಜಾತ್ರೆಯಿಂದ ಬಂದಾಗ ಗೆಜ್ಜೆ ಸದ್ದು ಕೇಳುದ್ರೆ ನೊಗ ಕಿತ್ಕಂಡ್ ಓಡನು. ವಡುದ್ರೂ ಬಗ್ನಿಲ್ಲ, ಮುದ್ದುಸುದ್ರೂ ಬಗ್ನಿಲ್ಲ. ಆಮೇಕೆ ಒಂದಿನ ಅದೇ ಗೆಜ್ಜೆಯ ಇವನ ಕೊಳ್ಳಿಗೇ ಕಟ್ಬುಟ್ಟೆ. ಒಂದ್ ವಾರ ಕುಣುದ. ತಾನು ತಲೆ ಆಡ್ಸುದ್ರೆ ಸದ್ದು, ಆಡುಸ್ದಿದ್ರೆ ಇಲ್ಲ ಅಂತ ಗೊತ್ತಾಯ್ತು ನೋಡವ್ವ, ತೆಪ್ಪಗಾದ."

ಸ್ವಲ್ಪ ಹೊತ್ತು ಉಜ್ಜಿ, "ನಾ ಉಣ್ಣುವಾಗ ನೀನೂ ವಸಿ ಏನಾರ ಸದ್ದು ಮಾಡು. ಪದ ಯೋಳು," ಎಂದರು.

ನನ್ನನ್ನು ಎತ್ತಿಗೆ ಸಮ ಮಾಡಿದರು. ಸಿಟ್ಟು ಬರಬೇಕಿತ್ತು. ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದೆ, ಸಗಣಿ ಕೈಯಲ್ಲೇ.

ಜನವರಿ ೨೦, ಭಾನುವಾರ

ನನಗೆ ಒಂದು ಪದವೂ ಬಾರದು. ರಾಗಿ ಬೀಸುವ ಹಾಡು ಬರುವುದಿಲ್ಲ, ಸೋಬಾನೆ ಬರುವುದಿಲ್ಲ. ಸ್ಕೂಲಿನಲ್ಲಿ ಕಲಿತು ಚೆನ್ನಾಗಿ ಬಾಯಲ್ಲಿ ಉಳಿದದ್ದು ಮಗ್ಗಿ ಒಂದೇ. ಮಾವನವರು ಕೂತರು, ನಾನು ಬಾಗಿಲ ಹಿಂದೆ ನಿಂತು ಹದಿಮೂರರ ಮಗ್ಗಿ ಶುರು ಮಾಡಿದೆ. ಸ್ಕೂಲಿನಲ್ಲಿ ಹೇಗೆ ಕೂಗುತ್ತಿದ್ದೆವೋ ಹಾಗೇ, ರಾಗವಾಗಿ.

ಇವರು ಅನ್ನ ನೆತ್ತಿಗೇರಿಸಿಕೊಂಡು ಹೊರಗೆ ಓಡಿದರು. ಮಾವನವರು ಗಂಭೀರವಾಗಿ ಸಾರು ಹಾಕಿಸಿಕೊಂಡು ಒಂದು ಸಲ ಅಳುಕಿ ಸೊರ್ ಅಂದರು. ನಾನು ಜೋರಾಗಿ ಹದಿಮೂರು ನಾಲ್ಕಲೆ ಐವತ್ತೆರಡು ಅಂದೆ. ಅವರು ಇನ್ನೂ ಜೋರಾಗಿ ಸೊರ್ರ್ ಅಂದರು. ತಟ್ಟೆ ನೀರಿನ ಹೊತ್ತಿಗೆ ನಾವಿಬ್ಬರೂ ಜಗಳಕ್ಕೆ ಬಿಟ್ಟ ಹುಂಜಗಳ ಹಾಗಿದ್ದೆವು. ಕಿವಿ ಬಿಸಿಯಾಯಿತು, ಸುಳ್ಳೇಕೆ? ಆದರೆ ಓಡಲಿಲ್ಲ.

ಅತ್ತೆ ಒಲೆಯ ಮುಂದೆ ಮುಖಕ್ಕೆ ಸೆರಗು ಹಾಕಿಕೊಂಡು ಕೂತಿದ್ದರು. ಅಳುತ್ತಿದ್ದಾರೆಂದು ಹೆದರಿ ಹತ್ತಿರ ಹೋದೆ. ನಗುತ್ತಿದ್ದರು. "ಬಾ, ನಾವೂ ಉಣ್ಣಾವು," ಎಂದರು. ಒಂಬತ್ತು ದಿನದ ಮೇಲೆ ಮೊದಲ ಮಾತು.

ಫೆಬ್ರವರಿ ೧೦, ಭಾನುವಾರ

ಮಾವನವರು ಅಳತೆ ಹಿಡಿದಿದ್ದಾರೆ. ಒಂದು ಮುದ್ದೆಗೆ ಒಂದು ಮಗ್ಗಿ, ಮಜ್ಜಿಗೆ ಅನ್ನಕ್ಕೆ ಅರ್ಧ ಮಗ್ಗಿ, ತಟ್ಟೆ ನೀರಿಗೆ ಎಂಟಲೆಯಿಂದ ಹತ್ತಲೆವರೆಗೆ. ನಾನು ಬೇಗ ಹೇಳಿದರೆ, "ಓಡ್ಬ್ಯಾಡ ಕನವ್ವ, ಬಾಯಲ್ ಅಲ್ಲಿಲ್ಲದೋನು ನಾನು," ಎನ್ನುತ್ತಾರೆ. ಇವರೂ ಜೊತೆಗೆ ಗುನುಗುತ್ತಾರೆ. ನೆನ್ನೆ ಹದಿನಾಲ್ಕು ಆರಲೆ ತೊಂಬತ್ತು ಎಂದು ತಪ್ಪಿಸಿ ಅಪ್ಪನ ಕೈಲಿ, "ಎಂಬತ್ನಾಕು ಕಣ್ಲಾ," ಎಂದು ಬೈಸಿಕೊಂಡರು. ಓದು ಬರಹ ಇಲ್ಲದ ಮಾವನವರಿಂದ.

ಮಾರ್ಚ್ ೨೨, ಶುಕ್ರವಾರ

ಬರೆದು ಬಹಳ ದಿನವಾಯಿತು. ಬರೆಯುವಂಥದ್ದು ಏನೂ ಇಲ್ಲ. ಹದಿನಾರರ ಮಗ್ಗಿ ಮುಗಿದಿದೆ. ಇವತ್ತು ಮಾವನವರ ತಟ್ಟೆ ಎತ್ತಲು ಹೋದರೆ ಆಗಲೇ ತೊಳೆದು ಕುಡಿದು ಬೋರಲು ಹಾಕಿದ್ದರು. ಯಾವಾಗ ಕುಡಿದರೋ.

ಅತ್ತೆ ನನಗೆ ಬೀಸುವ ಹಾಡು ಕಲಿಸುತ್ತಿದ್ದಾರೆ. ನನ್ನ ದನಿ ಬಡಕಲು ಹಸುವಿನದಂತೆ. ಇರಲಿ.

ಏಪ್ರಿಲ್ ೧೪, ಭಾನುವಾರ

ಈ ಊರಿನ ಬಿಸಿಲು ನಮ್ಮ ಹೊಳೆಯ ದಡದ ಬಿಸಿಲಿನ ಹಾಗಲ್ಲ. ಮಧ್ಯಾಹ್ನ ಕೂತಲ್ಲೇ ತೂಕಡಿಕೆ. ಎಣ್ಣೆಯ ವಾಸನೆ ಕಂಡರಾಗದು, ಗಾಣದವರು ಏನು ಬೆರೆಸುತ್ತಾರೋ. ಮಾವಿನ ಮಿಡಿ ಉಪ್ಪು ಹಚ್ಚಿ ಆರು ತಿಂದೆ, ಏಳನೆಯದನ್ನು ಅತ್ತೆ ಕೈಯಿಂದ ಕಿತ್ತುಕೊಂಡರು. ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಒಳಗೆ ಹೋದರು. ಮಿಡಿಗೂ ಇಷ್ಟು ಜಿಪುಣತನವೇ?

ಏಪ್ರಿಲ್ ೨೩, ಮಂಗಳವಾರ

ಇವತ್ತು ಹದಿನೇಳರ ಮಗ್ಗಿ. ಹದಿನೇಳು ಏಳಲೆ ನೂರ ಹತ್ತೊಂಬತ್ತು ಎನ್ನುವಷ್ಟರಲ್ಲಿ ಅತ್ತೆ ಮಜ್ಜಿಗೆಗೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಸೆರಗನ್ನು ಬಾಯಿಗೊತ್ತಿಕೊಂಡು ಹಿತ್ತಿಲಿಗೆ ಓಡಿದೆ. ಬೆಳಗಿನ ಗಂಜಿಯೆಲ್ಲ ನೆಲದ ಪಾಲಾಯಿತು.

ಒಳಗೆ ಊಟ ನಿಂತುಹೋಯಿತು. ಒಂದು ಸದ್ದಿಲ್ಲ. ಅತ್ತೆ ಚೊಂಬಿನಲ್ಲಿ ನೀರು ತಂದು ಬೆನ್ನು ನೀವುತ್ತಾ, "ಯಾರು ಸದ್ದು ಮಾಡುದ್ರವ್ವ?" ಎಂದರು.

"ಯಾರೂ ಇಲ್ಲ ಅತ್ತೆ. ಬೆಳ್ಳುಳ್ಳಿ."

ಬೆನ್ನ ಮೇಲಿನ ಕೈ ನಿಂತಿತು. ಈ ಸಲ ಅವರು ಬಾಯಿಬಿಟ್ಟು ಕೇಳಿದರು. "ನೀನು ಮುಟ್ಟಾಗಿ ಎಷ್ಟು ದಿನ ಆಯ್ತು?"

ಬೆರಳು ಮಡಿಸಿದೆ. ಮತ್ತೆ ಮೊದಲಿಂದ ಮಡಿಸಿದೆ. ಇಪ್ಪತ್ತರವರೆಗೆ ಮಗ್ಗಿ ತಪ್ಪಿಲ್ಲದೆ ಒಪ್ಪಿಸುವವಳು ನನ್ನ ದಿನಗಳನ್ನು ನಾನೇ ಎಣಿಸಿರಲಿಲ್ಲ. ಅತ್ತೆಯ ಭುಜಕ್ಕೆ ಮುಖ ಒತ್ತಿ ನಿಂತೆ. ಸಂತೋಷಕ್ಕೂ ಹೀಗೆ ಅಳು ಬರುತ್ತದೆಂದು ತಿಳಿದಿರಲಿಲ್ಲ.

"ನಿನ್ ಪುಸ್ತಕದಾಗೆ ಇವತ್ತಿನ ತಾರೀಕ ಬರ್ದು ಮಡಿಕ್ಕೊ," ಎಂದು ಕಿವಿಯಲ್ಲಿ ಹೇಳಿದರು. ಈ ಪುಸ್ತಕದ ಸಂಗತಿ ಅವರಿಗೆ ಯಾವಾಗ ಗೊತ್ತಾಯಿತೋ. "ಯಾರ್ಗೂ ಯೋಳ್ಬ್ಯಾಡ. ನಾನೂ ಯೋಳಾಕಿಲ್ಲ." ಗೋಡೆಯ ಆಚೆಯಿಂದ ಚಿಕ್ಕಬೋರಮ್ಮ ಏನಾಯ್ತು ಎಂದು ಕೂಗಿದರೆ, "ಬಿಸ್ಲು ಕನಕ್ಕ," ಎಂದುಬಿಟ್ಟರು.

ಅಷ್ಟರಲ್ಲಿ ಒಳಗಿನಿಂದ ಮಾವನವರ ದನಿ ಎದ್ದಿತು. ತಮ್ಮ ಸದ್ದಿಗೇ ನಾನು ಮತ್ತೆ ಓಡಿದೆನೆಂದು ತಿಳಿದಿದ್ದಾರೆ, ಪಾಪ. ನಾನು ಬಿಟ್ಟ ಕಡೆಯಿಂದ ತಾವೇ ಹಿಡಿದು, ಒಬ್ಬರೇ, ಗಟ್ಟಿಯಾಗಿ, ಹದಿನೇಳು ಎಂಟಲೆ ನೂರ ಮೂವತ್ತಾರು, ಹದಿನೇಳು ಒಂಬತ್ತಲೆ ನೂರ ಐವತ್ತಮೂರು. ಹದಿನೇಳು ಹತ್ತಲೆ ನೂರ ಎಪ್ಪತ್ತಕ್ಕೆ ನಿಲ್ಲಿಸಿ ಸ್ವಲ್ಪ ಕಾದರು.

"ಈಗ ನೀರು ಕುಡೀಲಾ ಅವ್ವ?" ಎಂದು ಒಳಗಿನಿಂದಲೇ ಕೇಳಿದರು.

"ಕುಡೀರಿ ಮಾವ, ಎಷ್ಟು ಸದ್ದು ಬೇಕಾದ್ರೂ ಮಾಡ್ಕೊಂಡು ಕುಡೀರಿ," ಎಂದೆ.